ನೋವಿನ ಮಾತ್ರೆಯ ಜೊತೆಗೇ ಮೋಷನ್ ಮಾತ್ರೆ

ನಾನು ಪ್ಯಾಲಿಯೇಟಿವ್ ನರ್ಸ್, ಅಂದರೆ ದೊಡ್ಡ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ನರ್ಸ್. ಹಳ್ಳಿಗಳಿಗೆ ಹೋಗಿ, ಕ್ಯಾನ್ಸರ್ ರೋಗಿಗಳನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ಹೋದ ತಕ್ಷಣ ಎರಡು ಮಾತು ಕೇಳುತ್ತೇನೆ. ನೋವು ಹೇಗಿದೆ? ಮೋಷನ್ ಯಾವಾಗ ಆಯ್ತು? ಮೊದಲನೆಯದಕ್ಕೆ ಥಟ್ಟನೆ ಉತ್ತರ ಬರುತ್ತದೆ. ಎರಡನೆಯದಕ್ಕೆ ರೋಗಿ ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಕೊನೆಗೆ ಮನೆಯವರು ಯಾರಾದರೂ "ಸರಿಯಾಗಿ ಆಗ್ತಿಲ್ಲ ಸಿಸ್ಟರ್, ಆದ್ರೆ ಊಟಾನೇ ಮಾಡಲ್ವಲ್ಲ, ಎಲ್ಲಿಂದ ಬರುತ್ತೆ?" ಅನ್ನುತ್ತಾರೆ.

ಊಟ ಮಾಡದಿದ್ದರೂ ಬರಬೇಕು. ಮಲ ಅಂದರೆ ಬರೀ ತಿಂದ ಅನ್ನ ಅಲ್ಲ. ಕರುಳಿನ ರಸ, ಉದುರಿದ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲ ಸೇರಿಯೇ ಅದು ಆಗುವುದು. ಗಂಜಿ ಕುಡಿದುಕೊಂಡಿರುವವರಿಗೂ ಆಗಾಗ ಆಗಲೇಬೇಕು.

ಆಗದಿರುವುದಕ್ಕೆ ಮುಖ್ಯ ಕಾರಣ ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್. ಅದು ನೋವನ್ನು ತಡೆಯುವ ಹಾಗೆ ಕರುಳಿನ ಓಟವನ್ನೂ ತಡೆಯುತ್ತದೆ. ಮಲ ಒಳಗೇ ಜಾಸ್ತಿ ಹೊತ್ತು ಉಳಿಯುತ್ತದೆ, ಅದರ ನೀರನ್ನು ಕರುಳು ಹೀರಿಕೊಳ್ಳುತ್ತಾ ಹೋಗುತ್ತದೆ. ಗುದದ ಸ್ನಾಯುವೂ ಬಿಗಿಯುತ್ತದೆ. ಶುರುವಿನಲ್ಲಿ ಬರುವ ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಹಾಗಲ್ಲ, ಮಾರ್ಫಿನ್ ಇರುವವರೆಗೂ ಅದೂ ಜೊತೆಗಿರುತ್ತದೆ. ಟ್ರಮಡಾಲ್, ಕೊಡೀನ್ ಅನ್ನುವ ನೋವಿನ ಮಾತ್ರೆಗಳ ಕಥೆಯೂ ಇದೇ. ಇವುಗಳ ಜೊತೆಗೆ ಕಬ್ಬಿಣದ ಮಾತ್ರೆ, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇದ್ದರಂತೂ ಕೇಳುವುದೇ ಬೇಡ.

ಹಾಗಾಗಿ ನಮ್ಮ ಡಾಕ್ಟರು ಮಾರ್ಫಿನ್ ಬರೆದ ಚೀಟಿಯಲ್ಲೇ ಮೋಷನ್ ಮಾಡಿಸುವ ಬಿಸಾಕೊಡಿಲ್ ಕೂಡ ಬರೆಯುತ್ತಾರೆ. 5 ಮಿಲಿಗ್ರಾಂ ಮಾತ್ರೆ, ಸಾಮಾನ್ಯವಾಗಿ ರಾತ್ರಿಗೆ ಒಂದೋ ಎರಡೋ. 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುವುದರಿಂದ ಬೆಳಿಗ್ಗೆಗೆ ಸರಿಹೋಗುತ್ತದೆ. ಇಲ್ಲಿ ನಾನು ಪ್ರತಿ ಮನೆಯಲ್ಲೂ ಗಟ್ಟಿಯಾಗಿ ಹೇಳುವುದು ಒಂದಿದೆ: ಹಾಲಿನ ಜೊತೆ ಕೊಡಬೇಡಿ. ಮಲಗುವ ಮುಂಚೆ ಹಾಲು ಕುಡಿಸುವಾಗ ಎಲ್ಲ ಮಾತ್ರೆ ಒಟ್ಟಿಗೆ ನುಂಗಿಸುವುದು ನಮ್ಮ ಕಡೆ ರೂಢಿ. ಈ ಮಾತ್ರೆಯ ಹೊರಪದರ ಕರುಳಿಗೆ ಹೋಗಿ ಕರಗಬೇಕು. ಹಾಲು ಅಥವಾ ಅಸಿಡಿಟಿಗೆ ಕೊಡುವ ಆಂಟಾಸಿಡ್ ಜೊತೆಗಿದ್ದರೆ ಹೊಟ್ಟೆಯಲ್ಲೇ ಕರಗಿ ನುಲಿತ ಬರುತ್ತದೆ. ಪುಡಿ ಮಾಡಿ ಕೊಟ್ಟರೂ ಅಷ್ಟೇ.

ಮಲ ಗಟ್ಟಿಯಾಗೇ ಬರುತ್ತಿದ್ದರೆ ಡಾಕ್ಟರು ಲ್ಯಾಕ್ಟುಲೋಸ್ ಸಿರಪ್ ಸೇರಿಸುತ್ತಾರೆ. ಅದು ಕರುಳಿಗೆ ನೀರು ಎಳೆದು ಮೆತ್ತಗೆ ಮಾಡುತ್ತದೆ, ಆದರೆ ಒಂದೆರಡು ದಿನ ಕಾಯಬೇಕು. ಸಿಹಿ ಜಾಸ್ತಿ, ಕೆಲವರಿಗೆ ಗ್ಯಾಸ್ ಆಗುತ್ತದೆ. ನುಂಗಲು ಕಷ್ಟಪಡುವವರಿಗೆ ಲಿಕ್ವಿಡ್ ಪ್ಯಾರಾಫಿನ್ ಇರುವ ಸಿರಪ್ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಾಯಿಲೆ.

ಇನ್ನು ಇಸಬ್‌ಗೋಲ್. ನಾನು ಹೋಗುವಷ್ಟರಲ್ಲಿ ಅದರ ಡಬ್ಬಿ ಮನೆಗೆ ಬಂದಿರುತ್ತದೆ. ಒಳ್ಳೆಯದೇ, ಆದರೆ ಈ ರೋಗಿಗಳಿಗಲ್ಲ. ಅದು ನೀರು ಕುಡಿದು ಉಬ್ಬುವ ಪದಾರ್ಥ. ದಿನಕ್ಕೆ ನಾಲ್ಕು ಗುಟುಕು ನೀರು ಕುಡಿಯುವವರಿಗೆ, ಓಡದ ಕರುಳಿನೊಳಗೆ ಅದನ್ನು ತುಂಬಿದರೆ ಅಲ್ಲೇ ಕಟ್ಟಿಕೊಳ್ಳಬಹುದು. ಪರಂಗಿ, ನೆನೆಸಿದ ಒಣದ್ರಾಕ್ಷಿ ಇಷ್ಟಪಟ್ಟು ತಿಂದರೆ ತಿನ್ನಲಿ. ಮಾರ್ಫಿನ್‌ಗೆ ಅವು ಸಾಟಿಯಲ್ಲ.

ಒಂದು ಮನೆಯಲ್ಲಿ ಮಗ ಬಾಗಿಲಲ್ಲೇ ಹೇಳಿದ: "ಅಪ್ಪನಿಗೆ ಲೂಸ್ ಮೋಷನ್ ಸಿಸ್ಟರ್. ನಿಲ್ಲೋ ಮಾತ್ರೆ ತಂದಿದೀನಿ, ಕೊಡ್ಲಾ?" ಪಂಚೆಯೆಲ್ಲ ಕಲೆ. ಅದಕ್ಕೂ ಮುಂಚೆ ಗಟ್ಟಿ ಮೋಷನ್ ಆಗಿದ್ದು ಯಾವಾಗ ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಹೊಟ್ಟೆಯ ಎಡಭಾಗ ಕೈಗೆ ಗಡುಸಾಗಿ ಸಿಕ್ಕಿತು. ತಾತನಿಗೆ ಹೇಳಿ, ಎಡಮಗ್ಗುಲಿಗೆ ಮಲಗಿಸಿ, ಗ್ಲೌಸ್‌ಗೆ ಜೆಲ್ಲಿ ಹಚ್ಚಿ ಬೆರಳಿಟ್ಟು ನೋಡಿದೆ. ಕಲ್ಲಿನಂಥ ಉಂಡೆ. ಅದರ ಪಕ್ಕದಿಂದ ಜಾರಿ ಬರುತ್ತಿದ್ದ ನೀರೇ ಮನೆಯವರು ಹೇಳುತ್ತಿದ್ದ ಭೇದಿ. ನಿಲ್ಲಿಸುವ ಮಾತ್ರೆ ಕೊಟ್ಟಿದ್ದರೆ ಪೂರ್ತಿ ಕಟ್ಟಿಹೋಗುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಗುದದೊಳಗೆ ಇಡುವ ಗ್ಲಿಸರಿನ್ ಮಾತ್ರೆ (ಸಪೋಸಿಟರಿ) ಇಟ್ಟು, ಮೆತ್ತಗಾಗಲು ಬಿಟ್ಟೆ. ಆಮೇಲೆ ಬೆರಳಿಂದ ಚೂರು ಚೂರೇ ತೆಗೆದೆ, ಮಿಕ್ಕದ್ದಕ್ಕೆ ಎನಿಮಾ. ತಾತ ನಡುವೆ ನೋವು ಅಂದಾಗೆಲ್ಲ ಕೈ ನಿಲ್ಲಿಸಿದೆ. ಇದು ಅವಸರದ ಕೆಲಸವಲ್ಲ, ಮನೆಯವರು ತಾವೇ ಮಾಡುವ ಕೆಲಸವೂ ಅಲ್ಲ.

ಆ ಮನೆಯಲ್ಲಿ ಇನ್ನೊಂದು ಗೊತ್ತಾಯಿತು. ಮೋಷನ್ ಆಗಲಿ ಅಂತ ತಾತನೇ ಮಧ್ಯೆ ಮಧ್ಯೆ ಮಾರ್ಫಿನ್ ನುಂಗದೆ ದಿಂಬಿನಡಿ ಇಟ್ಟುಕೊಳ್ಳುತ್ತಿದ್ದರು. ಹೀಗೆ ಮಾಡುವವರು ತುಂಬಾ ಜನ ಇದ್ದಾರೆ. ಆಗ ನೋವೂ ಉಳಿಯುತ್ತದೆ, ಮಲವೂ ಉಳಿಯುತ್ತದೆ. ಬಿಸಾಕೊಡಿಲ್ ಹೆಚ್ಚಿಸಿ, ಮಾರ್ಫಿನ್ ಹೊತ್ತಿಗೆ ಸರಿಯಾಗಿ ಕೊಡುವುದೇ ದಾರಿ.

ಬೆಳಿಗ್ಗೆ ಬಿಸಿ ಕಾಫಿ ಕುಡಿದ ಮೇಲೆ ಕರುಳು ತಾನಾಗೇ ಸ್ವಲ್ಪ ಅಲುಗುತ್ತದೆ. ಆ ಹೊತ್ತಿಗೆ ಕೂರಿಸಿ. ಕಮೋಡ್ ಕುರ್ಚಿಯಾದರೆ ಕಾಲ ಕೆಳಗೆ ಒಂದು ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಬಾಗಿಲು ಮುಚ್ಚಿ ಹೊರಗಿರಿ. ಸೊಸೆ ಎದುರಿಗಿದ್ದರೆ ಯಾವ ಮಾವನಿಗೆ ಆಗುತ್ತೆ ಹೇಳಿ!

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮೋಷನ್ ಆದ ದಿನಕ್ಕೊಂದು ಗುರುತು ಹಾಕಿಸುತ್ತೇನೆ. ಮೇಕೆ ಹಿಕ್ಕೆಯಂತೆ ಬಂದರೆ ಗುರುತಿನ ಪಕ್ಕ ಒಂದು ಚುಕ್ಕಿ. ಮೂರು ದಿನ ಖಾಲಿ ಇದ್ದರೆ ನನಗೆ ಫೋನ್. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ಕೂಡ ಹೋಗುತ್ತಿಲ್ಲ ಅಂದರೆ ಮೂರು ದಿನ ಕಾಯುವ ಮಾತೇ ಇಲ್ಲ. ಕರುಳು ಕಟ್ಟಿರಬಹುದು. ಬಿಸಾಕೊಡಿಲ್ ಕೊಡಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.