ಸಾಹಿತ್ಯದ ಪಾಠ, ಮೌಲ್ಯಮಾಪನ ಮತ್ತು ಪುಟ್ಟ ಮಗು: ದಿನವನ್ನು ಹೊಂದಿಸಿಕೊಳ್ಳುವ ಬಗೆ

ಸಾಹಿತ್ಯ ಪ್ರಾಧ್ಯಾಪಕರ ಕೆಲಸದ ದೊಡ್ಡ ಪಾಲು ತರಗತಿಯ ಹೊರಗೇ ನಡೆಯುತ್ತದೆ. ನಾಳೆ ಪಾಠ ಮಾಡಬೇಕಾದ ಕವಿತೆಯ ಮರು ಓದು, ಉತ್ತರಪತ್ರಿಕೆಗಳ ಮೌಲ್ಯಮಾಪನ, ಸಂಶೋಧನಾ ವಿದ್ಯಾರ್ಥಿಯ ಕರಡು, ಅರ್ಧಕ್ಕೆ ನಿಂತ ಸ್ವಂತ ಲೇಖನ ಎಲ್ಲವೂ ಮನೆಗೇ ಬರುತ್ತವೆ. ಆ ಮನೆಯಲ್ಲಿ ಎರಡು-ಮೂರು ವರ್ಷದ ಮಗುವಿದ್ದರೆ, ಬಿಡುವು ಸಿಕ್ಕಾಗ ಮಾಡೋಣ ಎಂಬ ಎಣಿಕೆಯನ್ನು ಮೊದಲು ಕೈಬಿಡಬೇಕು. ಯಾವ ಕೆಲಸಕ್ಕೆ ಎಷ್ಟು ಗಂಟೆ ಬೇಕು ಎಂದು ಲೆಕ್ಕ ಹಾಕುವುದಕ್ಕಿಂತ, ಯಾವುದಕ್ಕೆ ಎಂಥ ಏಕಾಗ್ರತೆ ಬೇಕು ಎಂದು ನೋಡಿ ವಿಂಗಡಿಸಿಕೊಳ್ಳುವುದು ಮೇಲು.

ಲೇಖನ ಬರೆಯುವುದು ಮತ್ತು ಪಠ್ಯವನ್ನು ಸೂಕ್ಷ್ಮವಾಗಿ ಓದುವುದು ಅಡ್ಡಿಯನ್ನು ಸಹಿಸದ ಕೆಲಸಗಳು. ಅವುಗಳನ್ನು ಮಗುವಿನ ರಾತ್ರಿಯ ನಿದ್ದೆಯ ಹೊತ್ತಿಗೆ, ಅಥವಾ ಮಗುವಿನ ಹೊಣೆಯನ್ನು ಮನೆಯ ಇನ್ನೊಬ್ಬರು ಪೂರ್ತಿಯಾಗಿ ಹೊತ್ತ ಸಮಯಕ್ಕೆ ಮೀಸಲಿಡಿ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಹಗಲು ನಿದ್ದೆ ಯಾವ ಕ್ಷಣದಲ್ಲಾದರೂ ಮುಗಿಯಬಹುದು. ಅದನ್ನು ನಂಬಿ ಲೇಖನಕ್ಕೆ ಕೂರಬೇಡಿ. ಆಗ ಉತ್ತರಪತ್ರಿಕೆ ತಿದ್ದುವುದೇ ಸರಿ. ಇಮೇಲ್, ಹಾಜರಿ, ಗ್ರಂಥಸೂಚಿಯಂಥ ಕೆಲಸಗಳು ಅಲ್ಲಲ್ಲಿ ಸಿಕ್ಕ ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತವೆ.

ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಮೊದಲಿನಿಂದ ಕೊನೆಯವರೆಗೆ ತಿದ್ದುವ ಬದಲು ಒಂದು ಪ್ರಶ್ನೆಯನ್ನು ಹಿಡಿದು ಎಲ್ಲರ ಉತ್ತರವನ್ನೂ ಓದುವ ಕ್ರಮ ಈ ಬಗೆಯ ಮನೆಗೆ ಚೆನ್ನಾಗಿ ಒಗ್ಗುತ್ತದೆ. ಪಠ್ಯದಿಂದ ಆಧಾರ ಕೊಟ್ಟಿದ್ದಾರೆಯೇ, ವಾದ ಮುಂದೆ ಸಾಗಿದೆಯೇ, ಭಾಷೆ ಸ್ಪಷ್ಟವಾಗಿದೆಯೇ ಎಂಬ ಮೂರು ಅಂಶಗಳನ್ನೂ ಅವುಗಳ ಅಂಕಗಳನ್ನೂ ಒಂದು ಚೀಟಿಯಲ್ಲಿ ಬರೆದು ಕಟ್ಟಿನ ಮೇಲಿಟ್ಟುಕೊಂಡರೆ, ನಡುವೆ ಎದ್ದು ಹೋಗಿ ಒಂದು ಗಂಟೆಯ ನಂತರ ಮರಳಿದರೂ ಅಳತೆಗೋಲು ಬದಲಾಗುವುದಿಲ್ಲ. ಮುಂದಿನ ಪ್ರಶ್ನೆಗೆ ಹೋಗುವಾಗ ಕಟ್ಟಿನ ಕ್ರಮವನ್ನು ಬದಲಿಸಿ. ಇಲ್ಲವಾದರೆ ನಿಮ್ಮ ದಣಿವಿನ ಹೊತ್ತು ಪ್ರತಿಬಾರಿಯೂ ಅದೇ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ, ಅದು ಅನ್ಯಾಯ. ಕಟ್ಟು ಮಾತ್ರ ಸದಾ ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ.

ಮಗು ಕರೆದಾಗ ತಕ್ಷಣ ಏಳುವ ಮುನ್ನ, ಮುಂದೇನು ಮಾಡಬೇಕೆಂದು ಒಂದೇ ಒಂದು ಸಾಲು ಬರೆಯಿರಿ: 'ಎರಡನೆಯ ಚರಣದಲ್ಲಿ ನಿರೂಪಕನ ದನಿ ಬದಲಾಗುವುದನ್ನು ಮೊದಲ ಸಾಲಿನೊಂದಿಗೆ ಹೋಲಿಸಬೇಕು.' ಒಂದು ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನದರಲ್ಲೇ ಉಳಿಯುವುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಆ ಸಾಲು ಬರೆದಿಟ್ಟರೆ ಮರಳಿ ಬಂದಾಗ ಎಳೆ ಹುಡುಕುವ ಶ್ರಮ ತಪ್ಪುವುದಷ್ಟೇ ಅಲ್ಲ, ಮಗುವಿನ ಎದುರು ಕುಳಿತಾಗ ಮನಸ್ಸೂ ಅಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಎರಡನೆಯ ಲಾಭವೇ ದೊಡ್ಡದು.

ಮಗುವಿಗೆ ಓದಿ ಹೇಳುವ ಹೊತ್ತನ್ನು ತರಗತಿಯಾಗಿಸಬೇಡಿ. ಕಥೆಯ ತಾತ್ಪರ್ಯ ಕೇಳುವ ಅಭ್ಯಾಸ ನಮ್ಮಂಥವರಿಗೆ ಬಲವಾಗಿಯೇ ಇರುತ್ತದೆ, ಆದರೆ ಆ ವಯಸ್ಸಿಗೆ ಅದು ಬೇಕಿಲ್ಲ. ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರಪುಸ್ತಕ ಓದುವಾಗ ತಂದೆತಾಯಿ ಹೌದು-ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ವಿಸ್ತರಿಸಿ ಹೇಳಿದಾಗ ಮಗುವಿನ ಮಾತು ಬೆಳೆದದ್ದು ಕಂಡುಬಂತು. ಮಗು ಚಿತ್ರ ತೋರಿಸಿ 'ನಾಯಿ' ಎಂದರೆ, 'ಹೌದು ಕಂದ, ಕಪ್ಪು ನಾಯಿ ಬಾಗಿಲ ಹತ್ತಿರ ಕೂತಿದೆ. ಯಾರಿಗಾಗಿ ಕಾಯ್ತಾ ಇದೆ?' ಎಂದರೆ ಸಾಕು. ಉತ್ತರ ಏನೇ ಬರಲಿ, ತಿದ್ದದೆ ಅದರಿಂದಲೇ ಮುಂದುವರಿಯಿರಿ. ಅದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸದೆ ಓದಿ. ಪುನರಾವರ್ತನೆಯಿಂದ ಹೊಸ ಪದಗಳು ಗಟ್ಟಿಯಾಗಿ ನಿಲ್ಲುತ್ತವೆ. ವರ್ಷವರ್ಷವೂ ಅದೇ ಕೃತಿಯನ್ನು ಪಾಠ ಮಾಡುವವರಿಗೆ ಮರು ಓದಿನ ಸುಖ ಗೊತ್ತಿಲ್ಲದ್ದೇನಲ್ಲ. ಪುಟ ಹಾರಿಸಿದರೆ ಮಗು ಹಿಡಿದೇಬಿಡುತ್ತದೆ.

ಎರಡೂ ಕೆಲಸ ನಿಜವಾಗಿ ಕೂಡಿಬರುವ ಜಾಗವೊಂದಿದೆ. ಮಗು ಪಕ್ಕದಲ್ಲಿ ಆಡುತ್ತಿರುವಾಗ ನಾಳೆಯ ಕವಿತೆಯನ್ನು ಗಟ್ಟಿಯಾಗಿ ಓದಿಕೊಳ್ಳಿ. ಯತಿ, ಅಂದರೆ ಸಾಲಿನ ನಡುವಿನ ನಿಲುಗಡೆ, ಎಲ್ಲಿ ಬೀಳುತ್ತದೆ, ಎಲ್ಲಿ ಉಸಿರು ಸಾಲದಾಗುತ್ತದೆ ಎಂಬುದು ನಿಮಗೆ ತಿಳಿಯುತ್ತದೆ. ಅರ್ಥವಾಗದಿದ್ದರೂ ಲಯ ಮಗುವಿನ ಕಿವಿಗೆ ಬೀಳುತ್ತದೆ.

ಮಗುವಿಗೆ ಜ್ವರ ಬರುವ ದಿನವನ್ನು ಸೆಮಿಸ್ಟರಿನ ಆರಂಭದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಠ್ಯಕ್ರಮದ ಸರದಿಗೆ ಸೇರದ ಒಂದು ತರಗತಿಯನ್ನು ಸಿದ್ಧವಾಗಿಡಿ: ವಿದ್ಯಾರ್ಥಿಗಳು ಹಿಂದೆ ಓದಿರದ ಒಂದು ಚಿಕ್ಕ ಕವಿತೆ, ಅದರ ಬಗ್ಗೆ ನಾಲ್ಕೈದು ಪ್ರಶ್ನೆ, ಬರೆಯಲು ಅರ್ಧ ಗಂಟೆ. ಇದನ್ನು ಸಹೋದ್ಯೋಗಿಯೊಬ್ಬರು ಪೂರ್ವಸಿದ್ಧತೆಯಿಲ್ಲದೆ ನಡೆಸಬಲ್ಲರು, ಆದ್ದರಿಂದ ಅದರ ಒಂದು ಪ್ರತಿಯನ್ನು ಮೊದಲೇ ಅವರ ಕೈಗೆ ಕೊಟ್ಟು, ಅವರ ಕಷ್ಟದ ದಿನಕ್ಕೆ ನೀವೂ ಬರುವುದಾಗಿ ಮಾತಾಡಿಕೊಂಡಿರಿ.