ನಾಲ್ಕನೇ ಗೇರಿನಲ್ಲಿ ಮಾತ್ರ ಸದ್ದಿಲ್ಲ

ಹದಿನಾಲ್ಕು ತಿಂಗಳು ಬಿಚ್ಚಿ, ತೊಳೆದು, ಅಳೆದು ಜೋಡಿಸಿದ ಎಂಜಿನ್ ಕೊನೆಗೂ ಚಾಲೂ ಆದ ವಾರ ನಾನು ಕಾರನ್ನು ಮೊದಲ ಬಾರಿಗೆ ರಸ್ತೆಗೆ ಇಳಿಸಿದೆ. ಎಂಜಿನ್ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಆದರೆ ಒಂದು, ಎರಡು, ಮೂರನೇ ಗೇರುಗಳಲ್ಲಿ ಕಾಲಿನ ಕೆಳಗಿನಿಂದ ಬೀಸುವ ಕಲ್ಲಿನಂಥ ಗುರುಗುರು. ನಾಲ್ಕಕ್ಕೆ ಹಾಕಿದರೆ ಸದ್ದೇ ಇಲ್ಲ.

ಮೂರನೇ ಸುತ್ತಿನಲ್ಲಿ ವಿಷಯ ಅರ್ಥವಾಯಿತು. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಶಕ್ತಿ ನೇರವಾಗಿ ಚಕ್ರಗಳ ಕಡೆಗಿನ ಹೊರ ಶಾಫ್ಟಿಗೆ ಹೋಗುತ್ತದೆ. ಉಳಿದ ಮೂರರಲ್ಲಿ ಅದು ಕೆಳಗಿರುವ ಲೇಶಾಫ್ಟ್ ಎಂಬ ದಂಡದ ಮೇಲಿನ ಗೇರುಗಳ ಗೊಂಚಲನ್ನು ಹಾದು ಹೋಗಬೇಕು. ಅಂದರೆ ಸದ್ದು ಲೇಶಾಫ್ಟಿನದು. ಇಡೀ ಕಾರಿನಲ್ಲಿ ನಾನು ಬಿಚ್ಚಿ ನೋಡದೆ ಬಿಟ್ಟಿದ್ದ ದೊಡ್ಡ ಭಾಗ ಗೇರ್‌ಬಾಕ್ಸ್ ಒಂದೇ. ಕೈಯಲ್ಲಿ ತಿರುಗಿಸಿದ್ದೆ, ನಾಲ್ಕೂ ಗೇರು ಬೀಳುತ್ತಿದ್ದವು, ಹಳೆಯ ಎಣ್ಣೆ ಸುರಿದು ಹೊಸದು ತುಂಬಿದ್ದೆ. ಸರಿಯಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೆ.

ಕಾರು 1958ರ ಮಾರಿಸ್ ಮೈನರ್ 1000. ಜನ ಇದನ್ನು ವಿಂಟೇಜ್ ಎನ್ನುತ್ತಾರೆ, ನಾನೂ ಬೇಡವೆನ್ನುವುದಿಲ್ಲ. ಆದರೆ ಕಟ್ಟುನಿಟ್ಟಾದ ಲೆಕ್ಕದಲ್ಲಿ 1930ರ ಕೊನೆಯವರೆಗೆ ತಯಾರಾದವು ಮಾತ್ರ ವಿಂಟೇಜ್. ನನ್ನದು ಬರೀ ಹಳೆಯ ಕಾರು. ಒಳಗಿರುವುದು 948 ಸಿಸಿಯ ಎ-ಸೀರೀಸ್ ಎಂಜಿನ್. ನಾಲ್ಕು ಸಿಲಿಂಡರ್, ಬೀಡುಕಬ್ಬಿಣದ ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಬೀಡುಕಬ್ಬಿಣದ ಹೆಡ್, ಪಕ್ಕದಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್, ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕಿಗೆ ಮೂರೇ ಮೂರು ಮುಖ್ಯ ಬೇರಿಂಗ್. ಮನೆಯಲ್ಲಿ ಕುಳಿತು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ. ಕೈ ಹೋಗದ ಜಾಗ ಕಡಿಮೆ, ಕಂಪ್ಯೂಟರ್ ಇಲ್ಲ, ಬಿಡಿಭಾಗಗಳು ಈಗಲೂ ತಯಾರಾಗುತ್ತಿವೆ. ಒಂದೇ ಎಚ್ಚರಿಕೆ: ಎಲ್ಲವೂ ಇಂಚಿನ ಅಳತೆ. ಮಿಲಿಮೀಟರ್ ಸ್ಪ್ಯಾನರನ್ನು ಹೇಗೋ ಹೊಂದಿಸಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಎರಡನ್ನು ಕೆಡಿಸಿದ ಮೇಲೆ ಇಂಚಿನ ಸೆಟ್ ತಂದೆ.

ನನ್ನ ಕೈಗೆ ಬಂದಾಗ ಎಂಜಿನ್ ಜಾಮ್ ಆಗಿತ್ತು. ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ನೂಕಿದರೆ ಕಾರೇ ಅಲುಗುತ್ತಿತ್ತು, ಕ್ರ್ಯಾಂಕ್ ಅಲುಗುತ್ತಿರಲಿಲ್ಲ. ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆಯ ಮಿಶ್ರಣ ಸುರಿದು ಬಿಟ್ಟೆ. ಎರಡು ಮೂರು ದಿನಕ್ಕೊಮ್ಮೆ ಹ್ಯಾಂಡಲ್ ಹಿಡಿದು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಒತ್ತುವುದು, ಜೋರು ಮಾಡದಿರುವುದು. ಹದಿನೆಂಟನೆಯ ದಿನ ಅದು ಬೆರಳಿನಗಲ ಸರಿಯಿತು. ಅಲ್ಲಿಗೇ ನಿಲ್ಲಿಸಿದೆ. ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ನಿನ ರಿಂಗುಗಳನ್ನು ಎಳೆದಾಡಿ ಮತ್ತಷ್ಟು ಗೀರು ಮಾಡುವುದರಲ್ಲಿ ಅರ್ಥವಿರಲಿಲ್ಲ.

ಬಿಚ್ಚುವ ಕೆಲಸವೇ ಜೋಡಿಸುವ ಕೆಲಸದ ಅರ್ಧ ಎಂಬುದನ್ನು ಮಾತ್ರ ನಾನು ಮೊದಲ ದಿನದಿಂದ ಪಾಲಿಸಿದೆ. ಹಳೆಯ ಮೊಟ್ಟೆಯ ಟ್ರೇಗಳು, ರಟ್ಟಿನ ಪೆಟ್ಟಿಗೆಗಳು, ಚೀಟಿ ಕಟ್ಟಿದ ಚೀಲಗಳು. ಕ್ಯಾಮಿನ ಒತ್ತನ್ನು ವಾಲ್ವಿನತ್ತ ಮುಟ್ಟಿಸುವ ಪುಷ್‌ರಾಡುಗಳನ್ನು ರಟ್ಟಿಗೆ ಎಂಟು ತೂತು ಮಾಡಿ ಕ್ರಮವಾಗಿ ಚುಚ್ಚಿಟ್ಟೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು ಮತ್ತು ಅದರ ಕ್ಯಾಪನ್ನು ಜೋಡಿಯಾಗಿಯೇ ಇಟ್ಟೆ. ಜೊತೆಯಾಗಿ ಕೊರೆದ ಜೋಡಿಗಳವು, ಅದಲುಬದಲಾದರೆ ಬೇರಿಂಗ್ ದುಂಡಗೆ ಕೂರುವುದಿಲ್ಲ. ಫೋಟೊ ತೆಗೆಯುವುದು ಸುಲಭ, ಆದರೆ ಫೋಟೊದಲ್ಲಿ ವಾಷರಿನ ದಪ್ಪ ಕಾಣುವುದಿಲ್ಲ. ಹಾಗಾಗಿ ಬರೆದೂ ಇಟ್ಟೆ.

ಈ ಎಂಜಿನ್ನಿನ ಒಂದು ವಿಚಿತ್ರವನ್ನು ಹೇಳಲೇಬೇಕು. ವಾಲ್ವುಗಳನ್ನು ಒತ್ತುವ ರಾಕರುಗಳನ್ನು ಹೊತ್ತ ಶಾಫ್ಟಿನ ಕಾಲುಗಳ ಮೂಲಕ ಹೆಡ್ಡಿನ ನಾಲ್ಕು ನಟ್ಟುಗಳು ಹಾದುಹೋಗುತ್ತವೆ. ರಾಕರ್ ಒಂದನ್ನೇ ತೆಗೆಯೋಣ ಎಂದು ಆ ನಾಲ್ಕನ್ನು ಮಾತ್ರ ಸಡಿಲಿಸಿದರೆ ಹೆಡ್ ಬಾಗುತ್ತದೆ, ನೀರು ಒಳಗೆ ಇಳಿಯುತ್ತದೆ. ಮೊದಲು ನೀರು ಖಾಲಿ ಮಾಡಿ, ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಕ್ಲಚ್ಚಿನ ಗೂಡಿನಲ್ಲಿ ಕಪ್ಪು ಧೂಳು ತುಂಬಿತ್ತು. ಆ ಕಾಲದ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಗಾಳಿ ಊದಲಿಲ್ಲ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟೆ.

ಅಳತೆಯ ದಿನ ನನ್ನ ಕಣ್ಣಿನ ಮೇಲಿನ ನಂಬಿಕೆ ಮೊದಲ ಸಲ ಹೋಯಿತು. ತೊಳೆದ ಸಿಲಿಂಡರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ರಿಂಗ್ ಬದಲಿಸಿದರೆ ಸಾಕು ಎನಿಸಿತ್ತು. ಒಳಗಲ ಅಳೆಯುವ ಬೋರ್ ಗೇಜ್ ಇಳಿಸಿದರೆ ಮೇಲ್ಭಾಗ ಕೆಳಭಾಗಕ್ಕಿಂತ 0.008 ಇಂಚು ಅಗಲ. ಉಗುರಿನಿಂದ ತಡವಿದರೆ ತುದಿಯಲ್ಲಿ ಒಂದು ಅಂಚು ಸಿಗುತ್ತಿತ್ತು. ಉರಿಯ ಒತ್ತಡ ಅತಿ ಹೆಚ್ಚಿರುವುದು, ಎಣ್ಣೆ ಅತಿ ಕಡಿಮೆ ತಲುಪುವುದು ಅಲ್ಲಿಯೇ. ಸವೆತವೂ ಅಲ್ಲಿಯೇ ಹೆಚ್ಚು. ಹೊಸ ರಿಂಗ್ ಆ ಅಂಚಿಗೆ ಬಡಿದರೆ ಮುರಿಯುತ್ತದೆ. ಬ್ಲಾಕನ್ನು 0.020 ಇಂಚು ಹೆಚ್ಚಿಗೆ ಕೊರೆಸಿ ಅದೇ ಅಳತೆಯ ಪಿಸ್ಟನ್ ತರಿಸಿದೆ. ಕ್ರ್ಯಾಂಕಿನಲ್ಲಿ ಬೇರಿಂಗುಗಳೊಳಗೆ ತಿರುಗುವ ಜರ್ನಲ್‌ಗಳನ್ನು 0.010 ಇಂಚು ಕೆಳಗೆ ಗ್ರೈಂಡ್ ಮಾಡಿಸಿದೆ. ಕ್ಯಾಮ್ ಮತ್ತು ಅದಕ್ಕೆ ತಾಗಿ ಏರಿಳಿಯುವ ಟ್ಯಾಪೆಟ್ಟುಗಳ ಮುಖದಲ್ಲಿ ಗುಳಿ ಬಿದ್ದಿತ್ತು, ಅವೂ ಹೊಸದು. ಸೀಸವಿಲ್ಲದ ಪೆಟ್ರೋಲಿಗೆ ತಡೆಯಲಿ ಎಂದು ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟುಗಳನ್ನು ಕೂರಿಸಿದ್ದಾಯಿತು. ಕೊರೆಯುವುದು, ಗ್ರೈಂಡ್ ಮಾಡುವುದು, ಸೀಟು ಕೂರಿಸುವುದು, ಈ ಮೂರೂ ಮನೆಯಲ್ಲಿ ಆಗುವ ಕೆಲಸಗಳಲ್ಲ. ಮನೆಯಲ್ಲೇ ಮಾಡಿದೆ ಎನ್ನುವವರು ಲೇತ್‌ನವರಿಗೂ ಪಾಲು ಕೊಡಬೇಕು.

ಆದರೆ ಅವರು ತೊಳೆದಿದ್ದೇವೆ ಎಂದರೆ ನಂಬಬೇಡಿ. ಕ್ರ್ಯಾಂಕ್ ಹೊಳೆಯುತ್ತಾ, ಎಣ್ಣೆ ಸವರಿಕೊಂಡು ಮನೆಗೆ ಬಂತು. ಅದರೊಳಗಿನ ಎಣ್ಣೆಯ ದಾರಿಗಳಿಗೆ ಉದ್ದನೆಯ ಸಣ್ಣ ಬ್ರಷ್ ತೂರಿಸಿ ಸೀಮೆಎಣ್ಣೆ ಬಿಟ್ಟರೆ ಬೂದು ಬಣ್ಣದ ಹಿಟ್ಟು ಹೊರಬಂತು, ಗ್ರೈಂಡಿಂಗ್ ಕಲ್ಲಿನ ಪುಡಿ. ಅದು ಹಾಗೆಯೇ ಉಳಿದಿದ್ದರೆ ಮೊದಲ ನಿಮಿಷದಲ್ಲೇ ಹೊಸ ಬೇರಿಂಗುಗಳನ್ನು ಉಜ್ಜಿಹಾಕುತ್ತಿತ್ತು. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತೊಳೆದೆ. ಬ್ಲಾಕಿಗೂ ಅದೇ ಸ್ನಾನ, ಸಾಬೂನು ಬಿಸಿನೀರಿನಲ್ಲಿ.

ಜೋಡಣೆ ಬರೆಯಲು ನೀರಸ, ಮಾಡಲು ಸೊಗಸು. ಬೇರಿಂಗಿನ ಸಂದನ್ನು ಮೇಣದಂಥ ಎಳೆಯೊಂದನ್ನು ಇಟ್ಟು ಬಿಗಿದು, ಮತ್ತೆ ಬಿಚ್ಚಿ, ಅದು ಎಷ್ಟು ಚಪ್ಪಟೆಯಾಗಿದೆ ಎಂದು ನೋಡುವುದು. ಬಿಗಿಯುವ ಬಲ ಮುಖ್ಯ ಬೇರಿಂಗಿಗೆ 60 ಪೌಂಡ್-ಅಡಿ, ರಾಡುಗಳಿಗೆ 35, ಹೆಡ್ಡಿಗೆ 40. ಈ ಎಂಜಿನ್ನಿನಲ್ಲಿ ಪಿಸ್ಟನ್ ಪಿನ್ನನ್ನು ರಾಡಿನ ಚಿಕ್ಕ ತುದಿಯ ಒಂದು ಬೋಲ್ಟು ಬಿಗಿಹಿಡಿದಿರುತ್ತದೆ. ಅದನ್ನು ಬಿಗಿಯುವಾಗ ರಾಡನ್ನು ವೈಸಿನಲ್ಲಿ ಹಿಡಿಯಬಾರದು, ಪಿನ್ನಿನ ಎರಡು ತುದಿಗಳನ್ನು ಹಿಡಿಯಬೇಕು. ಇಲ್ಲವಾದರೆ ರಾಡು ತಿರುಚಿಕೊಳ್ಳುತ್ತದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ವಾಲ್ವಿನ ಸಂದಿಗೆ ಒಂಬತ್ತರ ಲೆಕ್ಕವಿದೆ: ಎಂಟನೇ ವಾಲ್ವು ಪೂರ್ತಿ ತೆರೆದಿದ್ದರೆ ಒಂದನೆಯದನ್ನು ಸರಿಪಡಿಸು, ಆರನೆಯದು ತೆರೆದಿದ್ದರೆ ಮೂರನೆಯದನ್ನು. ಸಂದು 0.012 ಇಂಚು, ಎಂಜಿನ್ ತಣ್ಣಗಿರುವಾಗ.

ಚಾಲೂ ಮಾಡುವ ಮೊದಲು ಪ್ಲಗ್ ತೆಗೆದು, ಎಣ್ಣೆಯ ಒತ್ತಡ ಏರುವವರೆಗೆ ಸ್ಟಾರ್ಟರಿನಿಂದಲೇ ತಿರುಗಿಸಿದೆ. ಪ್ಲಗ್ ಹಾಕಿ ಮತ್ತೆ ಗುಂಡಿ ಎಳೆದರೆ ಕಾರ್ಬುರೇಟರಿನಿಂದ ಢಂ ಎಂದು ಬೆಂಕಿ. ಟೈಮಿಂಗ್ ಗುರುತು ಸರಿಯಾಗಿಯೇ ಇತ್ತು. ಆದರೆ ಮೊದಲ ಸಿಲಿಂಡರಿನ ಪಿಸ್ಟನ್ ಮೇಲಿದ್ದದ್ದು ಒತ್ತುವ ಸರದಿಯಲ್ಲಲ್ಲ, ಹೊಗೆ ಹೊರದಬ್ಬುವ ಸರದಿಯಲ್ಲಿ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿತ್ತು. ಪ್ಲಗ್ ತಂತಿಗಳನ್ನು ಅರ್ಧ ಸುತ್ತು ಬದಲಿಸಿದರೂ ಎಂಜಿನ್ ಓಡುತ್ತದೆ, ಆದರೆ ಮುಂದೊಂದು ದಿನ ಯಾರೋ ಪುಸ್ತಕ ನೋಡಿ ತಂತಿ ಜೋಡಿಸಿ ತಲೆ ಕೆಡಿಸಿಕೊಳ್ಳುತ್ತಾರೆ. ಆ ಯಾರೋ ನಾನೇ ಆಗುವ ಸಾಧ್ಯತೆ ಹೆಚ್ಚು. ಅದನ್ನು ತಿರುಗಿಸುವ ಡಿಸ್ಟ್ರಿಬ್ಯೂಟರ್ ಡ್ರೈವ್ ಕಡ್ಡಿಗೆ 5/16 ಇಂಚಿನ ಬೋಲ್ಟು ತಿರುಗಿಸಿ ಹೊರಗೆಳೆದು ಸರಿಯಾಗಿ ಕೂರಿಸಿದೆ. ಅದರ ಹಲ್ಲು ಓರೆಯಾದ್ದರಿಂದ ಒಳಗಿಳಿಯುವಾಗ ತಾನೂ ತಿರುಗುತ್ತದೆ. ಆ ತಿರುವಿನಷ್ಟು ಮೊದಲೇ ಹಿಂದಿಟ್ಟು ಬಿಡಬೇಕು. ನಾಲ್ಕನೇ ಯತ್ನಕ್ಕೆ ಸರಿಹೋಯಿತು. ಹೊಸ ಕ್ಯಾಮ್ ಪಳಗಲು ಮೊದಲ ಇಪ್ಪತ್ತು ನಿಮಿಷ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ಓಡಿಸಿದೆ, ಐಡ್ಲಿಂಗಿಗೆ ಬಿಡಲಿಲ್ಲ.

ಇಷ್ಟೆಲ್ಲ ಅಳೆದವನು ಗೇರ್‌ಬಾಕ್ಸನ್ನು ಏಕೆ ಬಿಟ್ಟೆ? ನಿಜ ಹೇಳಬೇಕೆಂದರೆ ಹೆದರಿಕೆ. ಎಂಜಿನ್ನಿನ ಒಳಗನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಲ್ಲೆ. ಗೇರ್‌ಬಾಕ್ಸ್ ಎಂದರೆ ಮುಚ್ಚಿದ ಪೆಟ್ಟಿಗೆ, ತೆಗೆದರೆ ಮತ್ತೆ ಮುಚ್ಚಲಾಗದು ಎಂಬ ಭಾವನೆ. ಕೈಯಲ್ಲಿ ತಿರುಗಿಸಿದಾಗ ಭಾರವೇ ಇಲ್ಲದ ಬೇರಿಂಗ್ ಸದ್ದು ಮಾಡುವುದಿಲ್ಲ ಎಂಬ ಸರಳ ಸಂಗತಿ ಆಗ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಕಿರಲಿಲ್ಲ.

ಮತ್ತೆ ಕಾರಿನ ಒಳಗಿನ ಹಾಸು, ನೆಲದ ಮುಚ್ಚಳ, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ತೆಗೆದು ಗೇರ್‌ಬಾಕ್ಸ್ ಇಳಿಸಿದೆ. ಇಳಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನೊಳಗೆ ಹೋಗಿರುವ ಶಾಫ್ಟಿನ ಮೇಲೆ ನೇತಾಡಬಾರದು, ಪ್ಲೇಟಿನ ನಡುಭಾಗ ಬಾಗುತ್ತದೆ. ಕೆಳಗೆ ಜ್ಯಾಕ್ ಕೊಟ್ಟು ನೇರವಾಗಿ ಹಿಂದೆಳೆಯಬೇಕು. ಎಣ್ಣೆ ಸುರಿದಾಗ ಬೆಳ್ಳಿಯ ಪುಡಿಯಂತೆ ಮಿನುಗಿತು. ಲೇಶಾಫ್ಟ್ ಹೊರಬಂದಾಗ ಉತ್ತರವೂ ಬಂತು. ಸೂಜಿಯಂಥ ರೋಲರುಗಳು ಓಡುವ ಜಾಗದಲ್ಲಿ ಗಟ್ಟಿ ಪದರ ಹಕ್ಕಳೆಯಂತೆ ಎದ್ದುಹೋಗಿತ್ತು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ತೇವ ಸೇರಿ, ಒಂದೇ ಜಾಗದಲ್ಲಿ ಕುಳಿತ ರೋಲರುಗಳ ಕೆಳಗೆ ತುಕ್ಕಿನ ಗೆರೆ ಬಿದ್ದು ಅಲ್ಲಿಂದ ಶುರುವಾಗಿರಬೇಕು.

ಗೇರು ಕರಕರ ಎನ್ನದೆ ಬೀಳುವಂತೆ ವೇಗ ಹೊಂದಿಸುವ ಸಿಂಕ್ರೊಮೆಶ್ ಹಬ್ಬಿನ ಮೇಲಿನ ಸ್ಲೀವನ್ನು ಸರಿಸಿದಾಗ ಒಳಗಿದ್ದ ಮೂರು ಗುಂಡುಗಳು ಮತ್ತು ಸ್ಪ್ರಿಂಗುಗಳು ಕವಣೆಯಿಂದ ಹಾರಿದಂತೆ ಹಾರಿದವು. ಎರಡು ಗುಂಡು ಸಿಕ್ಕವು. ಮೂರನೆಯದನ್ನು ಹುಡುಕಲು ಅಯಸ್ಕಾಂತಕ್ಕೆ ದಾರ ಕಟ್ಟಿ ಇಡೀ ಶೆಡ್ಡನ್ನು ಗುಡಿಸಿದೆ. ಸಿಕ್ಕಿದ್ದು ಮರುದಿನ, ನನ್ನ ಪ್ಯಾಂಟಿನ ಮಡಿಕೆಯಲ್ಲಿ. ಎರಡನೇ ಹಬ್ಬನ್ನು ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಬಿಚ್ಚಿದೆ.

ರೋಲರುಗಳನ್ನು ಕೂರಿಸಲು ಲೇಶಾಫ್ಟಿಗಿಂತ ಕೂದಲೆಳೆಯಷ್ಟು ತೆಳ್ಳಗಿರುವ, ಗೇರ್ ಗೊಂಚಲಿನಷ್ಟೇ ಉದ್ದದ ಮರದ ಕೋಲೊಂದನ್ನು ಉಜ್ಜಿ ಮಾಡಿಕೊಂಡೆ. ಗೊಂಚಲಿನ ಒಳಗೆ ದಪ್ಪ ಗ್ರೀಸ್ ಬಳಿದು, ರೋಲರುಗಳನ್ನು ಒಂದೊಂದಾಗಿ ಅಂಟಿಸಿ, ನಡುವೆ ಕೋಲು ತೂರಿಸಿದರೆ ಬೀಳುವುದಿಲ್ಲ. ಆ ಗೊಂಚಲನ್ನು ಪೆಟ್ಟಿಗೆಯ ತಳದಲ್ಲಿ ಮಲಗಿಸಿ, ಮೇಲಿನ ಶಾಫ್ಟುಗಳನ್ನು ಕೂರಿಸಿ, ಆಮೇಲೆ ಗೊಂಚಲನ್ನು ಎತ್ತಿ ಹಿಡಿದು ಹೊಸ ಲೇಶಾಫ್ಟನ್ನು ದೂಡಿದರೆ ಅದು ಕೋಲನ್ನು ತಾನೇ ಹೊರತಳ್ಳಿಕೊಂಡು ಬರುತ್ತದೆ. ಮೊದಲ ಸಲ ಒಂದು ರೋಲರ್ ಜಾರಿ ಕೆಳಗೆ ಬಿತ್ತು. ಮೊದಲೇ ಎಣಿಸಿಟ್ಟಿದ್ದರಿಂದ ತಿಳಿಯಿತು. ಎಲ್ಲವನ್ನೂ ಮತ್ತೆ ತೆಗೆದೆ. ಗೊಂಚಲಿನ ಅತ್ತಿತ್ತ ಅಲುಗಾಟ 0.003 ಇಂಚಿಗಿಂತ ಹೆಚ್ಚಿರಬಾರದು. ಎರಡು ದಪ್ಪದ ವಾಷರುಗಳನ್ನು ಬದಲಿಸಿ ನೋಡಿ 0.002ಕ್ಕೆ ತಂದೆ.

ಈ ಗೇರ್‌ಬಾಕ್ಸಿಗೆ ಗೇರ್ ಎಣ್ಣೆ ಬೇಡ, ಎಂಜಿನ್ ಎಣ್ಣೆಯೇ. ಹೈಪಾಯ್ಡ್ ಎಂಬ ದಪ್ಪ ಗೇರ್ ಎಣ್ಣೆ ಹಾಕಿದರೆ ಸಿಂಕ್ರೊಮೆಶ್ ನಿಧಾನವಾಗುತ್ತದೆ, ಅದರಲ್ಲಿನ ಗಂಧಕದ ಸೇರ್ಪಡೆಗಳು ಕಂಚನ್ನು ತಿನ್ನಬಲ್ಲವು.

ಈಗ ಎರಡು, ಮೂರು, ನಾಲ್ಕು ಮೂರೂ ಒಂದೇ ರೀತಿ ಮೌನ. ಒಂದನೇ ಗೇರ್ ಮಾತ್ರ ಸಣ್ಣಗೆ ಊಳಿಡುತ್ತದೆ. ಅದರ ಹಲ್ಲುಗಳು ನೇರವಾಗಿ ಕತ್ತರಿಸಿದವು, ಸಿಂಕ್ರೊಮೆಶ್ಶೂ ಇಲ್ಲ. ಹೊಸದಿದ್ದಾಗಲೂ ಹಾಗೆಯೇ ಇತ್ತು. ಕ್ರ್ಯಾಂಕಿನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಒಳಕ್ಕೆ ಹಿಂದೂಡುವ ಸುರುಳಿ ಗೆರೆ ಮಾತ್ರ. ಹಾಗಾಗಿ ಎಂಜಿನ್ ನಿಂತ ಮೇಲೆ ಒಂದಿಷ್ಟು ಎಣ್ಣೆ ಇಳಿಯುತ್ತದೆ. ಕ್ಲಚ್ ಗೂಡಿನ ತಳದಲ್ಲಿ ಅದಕ್ಕೆಂದೇ ಒಂದು ತೂತು, ತೂತು ಕಟ್ಟದಿರಲೆಂದು ಅದರಲ್ಲಿ ಅಲುಗಾಡುತ್ತಾ ನೇತಾಡುವ ಒಂದು ಸ್ಪ್ಲಿಟ್ ಪಿನ್. ಕೆಳಗೊಂದು ತಗಡಿನ ತಟ್ಟೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಬಿದ್ದದ್ದು ಮೂರು ಹನಿ.