"ಏನೂ ಆಗಲ್ಲ ಅಲ್ವಾ ಅಮ್ಮ?" ಅಂತ ಮಗು ಕೇಳುತ್ತಲೇ ಇದ್ದರೆ

ನನ್ನ ಮಗನಿಗೆ ಆಗ ಹತ್ತು ವರ್ಷ. ಶಾಲೆಯಿಂದ ಬಂದು ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆ ನಲ್ಲಿ ನಿಲ್ಲುತ್ತಿರಲಿಲ್ಲ. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ "ನೀನು ಕೈ ತೊಳ್ಕೊಂಡಿದ್ದೀಯಾ?" ಅನ್ನುತ್ತಿದ್ದ. "ನಿನ್ನ ಮಡಿ ನೋಡಿಯೇ ಹುಡುಗ ಹೀಗಾದ" ಅಂದರು ಅತ್ತೆ. "ಮುದ್ದು ಜಾಸ್ತಿಯಾಯ್ತು" ಅಂದರು ಯಜಮಾನರು. ಎರಡನ್ನೂ ನಂಬಿ ಎಷ್ಟೋ ರಾತ್ರಿ ಅತ್ತಿದ್ದೇನೆ.

ಮೊದಲು ಯಾರ ತಪ್ಪು ಎಂಬ ಲೆಕ್ಕ ಬಿಡಿ. ಇದು ಒಸಿಡಿ, ಕನ್ನಡದಲ್ಲಿ ಗೀಳು ಕಾಯಿಲೆ: ಬೇಡವೆಂದರೂ ಅದೇ ಹೆದರಿಕೆಯ ಯೋಚನೆ ಬರುವುದು, ಅದನ್ನು ತಣಿಸಲು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು. ಮೆದುಳು ಕೆಲಸ ಮಾಡುವ ರೀತಿಗೂ ವಂಶವಾಹಿಗೂ ಇದರಲ್ಲಿ ಪಾಲಿದೆ. ಗದರಿದ್ದಕ್ಕೋ ಮುದ್ದಿಸಿದ್ದಕ್ಕೋ ಬರುವಂಥದ್ದಲ್ಲ. ಇದನ್ನು ನೀವು ಹೇಳಿದರೆ ಮನೆಯವರು ಕೇಳಲಿಕ್ಕಿಲ್ಲ. ದೂರುವವರನ್ನೇ ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನಾನು ಅತ್ತೆಯನ್ನು ಕರೆದೊಯ್ದೆ. ಅವತ್ತಿನಿಂದ ಆ ಮಾತು ನಿಂತಿತು.

ಆಮೇಲೆ ಒಂದು ವಾರ, ಗೀಳಿಗಾಗಿ ನೀವು ಏನೇನು ಮಾಡುತ್ತಿದ್ದೀರಿ ಎಂದು ಬರೆದಿಡಿ. ನನ್ನ ಪಟ್ಟಿಯಲ್ಲಿ ದಿನಾ ಬ್ಯಾಗ್ ಒಗೆಯುವುದು, ಅವನಿಗೆ ಬೇರೆ ಟವೆಲ್, ಕೇಳಿದಾಗಲೆಲ್ಲ "ಏನೂ ಆಗಲ್ಲ" ಅನ್ನುವುದು ಇತ್ತು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಉತ್ತರದಿಂದ ಹತ್ತು ನಿಮಿಷ ನೆಮ್ಮದಿ, ಮತ್ತೆ ಅದೇ ಸಂಶಯ. ಗೀಳಿಗೆ ಅದೇ ತಿನಿಸು.

ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ. ನಲ್ಲಿ ಬಂದ್ ಮಾಡಿ ಹೊಡೆಯುವುದಂತೂ ಬೇಡವೇ ಬೇಡ. ಸುಲಭದ್ದೊಂದು ಆರಿಸಿ, ಮಗು ಸಮಾಧಾನವಾಗಿದ್ದಾಗ ಮುಂಚೆಯೇ ತಿಳಿಸಿ. ನಾವು "ಏನೂ ಆಗಲ್ಲ" ಅನ್ನುವ ಉತ್ತರ ನಿಲ್ಲಿಸುವುದರಿಂದ ಶುರು ಮಾಡಿದೆವು. ಮನೆಯವರೆಲ್ಲರದೂ ಒಂದೇ ಮಾತು: "ಹೆದರಿಕೆ ಆಗ್ತಿದೆ ಅಂತ ಗೊತ್ತು ಕಂದಾ. ಇದು ಗೀಳು ಕೇಳ್ತಿರೋದು. ನೀನು ತಡ್ಕೋತೀಯ." ಅಷ್ಟು ಹೇಳಿ ಪಕ್ಕದಲ್ಲೇ ಕೂರಬೇಕು. ಮೊದಲ ದಿನಗಳಲ್ಲಿ ಅವನು ತಟ್ಟೆ ಎಸೆದ, ಕಿರುಚಿದ. ಹೀಗಾಗುತ್ತದೆ ಎಂದು ಗೊತ್ತಿದ್ದರೆ ನೀವು ಮಧ್ಯದಲ್ಲಿ ಸೋಲುವುದಿಲ್ಲ.

ಮಗುವಿನ ಪಾಲಿನ ಕೆಲಸವನ್ನು ಚಿಕಿತ್ಸಕರು ಕಲಿಸುತ್ತಾರೆ. ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಚಿಕ್ಕ ಹೆದರಿಕೆಯಿಂದ ಶುರುಮಾಡಿ ಒಂದೊಂದನ್ನೇ ಎದುರಿಸುತ್ತಾ ಮೇಲೇರುವುದು. ನಮ್ಮವನು ಬ್ಯಾಗ್ ಮುಟ್ಟಿ ಕೈ ತೊಳೆಯದೆ ಮೊದಲ ದಿನ ಎರಡು ನಿಮಿಷ ಕೂತ. ಆ ಎರಡು ನಿಮಿಷವನ್ನು ಬಾಯ್ತುಂಬ ಹೊಗಳಿ. ಕೆಲವು ಮಕ್ಕಳಿಗೆ ಮಾತ್ರೆಯೂ ಬೇಕಾಗುತ್ತದೆ, ನೀವಾಗಿಯೇ ನಿಲ್ಲಿಸಬೇಡಿ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಮಗು ಸಾಯುವ ಮಾತಾಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮೂರನೇ ತಿಂಗಳಲ್ಲಿ ಒಂದು ಸಂಜೆ ಅವನು ಅಜ್ಜಿಯನ್ನು ಕೇಳಿದ, "ಏನೂ ಆಗಲ್ಲ ಅಲ್ವಾ?" ಅತ್ತೆ ಬಾಯಿ ತೆರೆದವರು ತಡೆದರು. "ಗೀಳು ಕೇಳ್ತಿರೋದು ಮಗಾ" ಎಂದು ಜಗಲಿಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವನು ಹೋಗಿ ಕೂತ.